ಹಸು ಎಲ್ಲಿಂದ ಬಂತು ಅಂತ ಕೇಳುತ್ತಿದ್ದ ಡಾಕ್ಟ್ರು

ನಮ್ಮ ದನದ ಡಾಕ್ಟ್ರು ತೀರಿಕೊಂಡರು ಅಂತ ಡೈರಿ ಗ್ರೂಪಿಗೆ ಸುದ್ದಿ ಬಂದ ಬೆಳಿಗ್ಗೆ, ಶ್ರದ್ಧಾಂಜಲಿ ಹಾಕೋದಕ್ಕೆ ಅವರದೊಂದು ಫೋಟೋ ಬೇಕು ಅಂತ ಎಲ್ಲರೂ ತಮ್ಮ ತಮ್ಮ ಮೊಬೈಲ್ ಜಾಲಾಡಿದರು. ಸಿಕ್ಕಿದ್ದು ಒಂದೇ. ಅದರಲ್ಲಿ ಡಾಕ್ಟ್ರ ಬೆನ್ನು ಮಾತ್ರ ಕಾಣುತ್ತದೆ, ಬಲಗೈ ಭುಜದ ತನಕ ಹಸುವಿನ ಒಳಗಿದೆ. ಹಸು ಮಾತ್ರ ಕತ್ತು ತಿರುಗಿಸಿ ನೆಟ್ಟಗೆ ಕ್ಯಾಮೆರಾ ನೋಡುತ್ತಿದೆ. ಅದಕ್ಕೇ ಸುತ್ತ ಹೂವಿನ ಚೌಕಟ್ಟು ಕೂರಿಸಿ ಓಂ ಶಾಂತಿ ಅಂತ ಹಾಕಿಬಿಟ್ಟರು. ನನಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷ ನಮ್ಮೂರಿಗೆ ಬಂದು ಹೋದ ಮನುಷ್ಯನನ್ನು ಒಬ್ಬರಾದರೂ ಎದುರಿಗೆ ನಿಲ್ಲಿಸಿ ಒಂದು ಫೋಟೋ ತೆಗೆದುಕೊಳ್ಳಲಿಲ್ಲವಲ್ಲ ಅನ್ನಿಸಿತು.

ನಾನು ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ. ಊರು ಇರೋದು ತಿಪಟೂರಿಗೂ ತುರುವೇಕೆರೆಗೂ ನಡುವೆ. ತೋಟದ ತೆಂಗಿನಕಾಯಿ ಅಟ್ಟಕ್ಕೆ ಹೋದರೆ ಕೊಬ್ಬರಿಯಾಗಿ ಇಳಿಯೋದು ಮುಂದಿನ ವರ್ಷ. ಅಲ್ಲಿ ತನಕ ಮನೆಯ ಸೊಪ್ಪುಸಾರು, ಮಕ್ಕಳ ಫೀಸು ನಡೆಯೋದು ಹಾಲಿನಿಂದ. ಹಾಗಾಗಿ ಹಸು ಕೆಮ್ಮಿದರೆ ನಮ್ಮೂರ ಹೆಂಗಸರು ಗಂಡನಿಗೆ ಹೇಳೋಕೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡುತ್ತಿದ್ದರು. ಅವರು ಚಿಕ್ಕನಾಯಕನಹಳ್ಳಿಯವರು. ಕುಳ್ಳಗೆ, ಸಣಕಲಾಗಿ ಇದ್ದರು. ಪ್ಯಾಂಟಿನ ಜೇಬಲ್ಲಿ ಯಾವಾಗಲೂ ಒಂದು ಕೊಬ್ಬರಿ ಗಿಟುಕು, ಒಂದು ಚೂರು ಬೆಲ್ಲ. ಬೈಕಿನ ಹಿಂದೆ ಒಂದು ಬಕೆಟ್ಟು, ಒಂದು ಜೊತೆ ಗಮ್‌ಬೂಟು. ಯಾರ ಮನೆಗೆ ಬಂದರೂ ಗೇಟಿನ ಹೊರಗೇ ಔಷಧಿ ನೀರಲ್ಲಿ ಬೂಟು ತೊಳೆದು ಒಳಗೆ ಬರೋರು, ಹೋಗುವಾಗ ಮತ್ತೆ ತೊಳೆಯೋರು. ನಮ್ಮ ಮನೆ ನೆಲ ಅಷ್ಟು ಕೊಳಕಾ ಡಾಕ್ಟ್ರೇ ಅಂತ ನಾನೇ ಒಂದು ಸಲ ಕೆಣಕಿದ್ದೆ. ಕೊಳಕು ನಿಮ್ಮ ಮನೆಯಲ್ಲಿ ಇಲ್ಲ, ನನ್ನ ಕಾಲಲ್ಲಿ ಇರಬಹುದು, ಹಿಂದಿನ ಮನೆಯಿಂದ ತಂದಿದ್ದು ಅಂದರು.

ಬಾಯಿ ಜೋರು. ಒಬ್ಬ ಯಜಮಾನ ಕಾಲುಬಾಯಿ ಜ್ವರದ ಹಸುವನ್ನು ತೋಟದೊಳಗೆ ತೆಂಗಿನ ಮಟ್ಟೆ ಗುಡ್ಡೆಯ ಹಿಂದೆ ಬಚ್ಚಿಟ್ಟು, ನಮ್ಮಲ್ಲಿ ಏನೂ ಇಲ್ಲ ಸಾರ್ ಅಂದಿದ್ದ. ಹಸು ಪಾಪ ಅಲ್ಲಿಂದಲೇ ಕೂಗಿತು. ಡಾಕ್ಟ್ರು ಆವತ್ತು ಆಡಿದ ಮಾತನ್ನ ನಾನು ಇಲ್ಲಿ ಬರೆಯೋ ಹಾಗಿಲ್ಲ. ಆದರೆ ಬೈದು ಮುಗಿದ ಮೇಲೆ ಅದೇ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಯ ಹುಣ್ಣನ್ನು ತಾವೇ ತೊಳೆದು, ಯಜಮಾನನಿಗೆ ರಾಗಿ ಗಂಜಿ ಹೇಗೆ ಕುಡಿಸಬೇಕು ಅಂತ ನಿಧಾನಕ್ಕೆ ಹೇಳಿಕೊಟ್ಟರು. ಅವರ ಸಿಟ್ಟು ಅಷ್ಟೇ, ಬಂದ ದಾರಿಯಲ್ಲೇ ಹೋಗೋದು.

ಅವರ ಇನ್ನೊಂದು ಅಭ್ಯಾಸ ಊರವರಿಗೆ ಬಹಳ ದಿನ ಅರ್ಥವೇ ಆಗಲಿಲ್ಲ. ಹಸುವಿನ ಜ್ವರ ನೋಡೋಕೆ ಬಂದವರು ಮನೆಯವರ ನೆಂಟಸ್ತನ ಕೇಳೋರು. ಹೋದ ವಾರ ಯಾರು ಬಂದಿದ್ದರು, ನೀವು ಯಾವ ಊರಿಗೆ ಹೋಗಿದ್ದಿರಿ, ನಾದಿನಿಯನ್ನು ಎಲ್ಲಿಗೆ ಕೊಟ್ಟಿದ್ದೀರಿ, ಅವರ ಮನೆಯಲ್ಲಿ ದನ ಇದೆಯಾ. ನಮ್ಮ ಜನ ಏನು ತಿಳಿದುಕೊಂಡರು ಅಂದರೆ, ಡಾಕ್ಟ್ರು ತಮ್ಮ ಮಗಳಿಗೆ ಗಂಡು ಹುಡುಕುತ್ತಿದ್ದಾರೆ ಅಂತ. ಒಬ್ಬಾಕೆಯಂತೂ ಕಾಫಿ ಜೊತೆಗೆ ಮಗನ ಜಾತಕವನ್ನೂ ತಂದಿಟ್ಟಳು. ಡಾಕ್ಟ್ರಿಗೆ ಮಗಳೇ ಇರಲಿಲ್ಲ. ಇದ್ದವನು ಒಬ್ಬ ಮಗ, ಅವನಿಗೂ ಮದುವೆಯಾಗಿತ್ತು. ಜಾತಕ ವಾಪಸ್ ಕೊಡುತ್ತಾ, "ರೋಗ ತಾನಾಗಿ ನಡ್ಕೊಂಡು ಬರಲ್ಲ ಕಣಮ್ಮ, ಯಾರ ಜೊತೆಗೋ ಬರ್ತದೆ. ಅದಕ್ಕೇ ನಿಮ್ಮ ನೆಂಟರನ್ನೆಲ್ಲ ಕೇಳ್ತೀನಿ," ಅಂದರಂತೆ. ಆ ಯಮ್ಮ ನಮ್ಮ ನೆಂಟರಿಗೆ ರೋಗ ಅಂದುಬಿಟ್ಟರು ಅಂತ ಆಮೇಲೆ ಬಹಳ ದಿನ ಮುಖ ಊದಿಸಿಕೊಂಡಿದ್ದಳು.

ಹಸುಗಳಿಗೆ ಗಂಟು ರೋಗ ಬಂದ ವರ್ಷ ಅವರನ್ನು ನಾನು ಹತ್ತಿರದಿಂದ ನೋಡಿದೆ. ಪೇಪರಿನಲ್ಲಿ ಚರ್ಮಗಂಟು ಅಂತ ಬರೆಯುತ್ತಿದ್ದರು. ಮೊದಲು ಜ್ವರ, ಆಮೇಲೆ ಮೈತುಂಬ ಗಂಟು, ಕಾಲು ಬಾವು, ಹಾಲು ಇಳಿದುಹೋಗೋದು. ನೊಣ, ಸೊಳ್ಳೆ, ಉಣ್ಣೆಯಿಂದ ಒಂದರಿಂದ ಒಂದಕ್ಕೆ ಹರಡುತ್ತದೆ. ನಾಟಿ ಹಸು ಹೇಗೋ ತಡೆದುಕೊಳ್ಳುತ್ತದೆ, ಸೀಮೆಹಸು ಮಲಗಿಬಿಡುತ್ತದೆ. ಹುಳಿಯಾರು ಕಡೆ ಬಂದಿದೆ ಅಂತ ಸುದ್ದಿ ಬಂದಾಗ ದನದ ಸಂತೆ ನಿಲ್ಲಿಸಿದ್ದರು, ದನ ಸಾಗಿಸೋ ಗಾಡಿಗಳನ್ನು ತಡೆಯುತ್ತಿದ್ದರು. ಹುಳಿಯಾರು ಎಲ್ಲಿ, ನಾವೆಲ್ಲಿ, ನಡುವೆ ಇಡೀ ಒಂದು ತಾಲ್ಲೂಕೇ ಇದೆ ಅಂತ ನಾವು ನೆಮ್ಮದಿಯಾಗಿದ್ದೆವು. ಒಂದು ಬೆಳಿಗ್ಗೆ ಡೈರಿಗೆ ಬರೋ ಹಾಲು ಕಮ್ಮಿಯಾಯಿತು. ಮಾರನೆ ದಿನ ಇನ್ನೂ ಕಮ್ಮಿ. ಯಾರ ಮನೆಯ ಹಾಲು ಇಳಿದಿದೆ ಅಂತ ನೋಡಿದರೆ ಎಲ್ಲಾ ಒಂದೇ ಬೀದಿ.

ಡಾಕ್ಟ್ರು ದಿನಾ ಬರೋಕೆ ಶುರು ಮಾಡಿದರು, ಆದರೆ ಸಾಯಂಕಾಲಕ್ಕೆ. ಬೆಳಿಗ್ಗೆಯಿಂದ ರೋಗವಿಲ್ಲದ ಊರುಗಳಿಗೆ ಹೋಗಿ ರೋಗ ತಡೆಯೋ ಸೂಜಿ ಹಾಕಿ, ರೋಗ ಇರೋ ಊರಿಗೆ ಕಟ್ಟಕಡೆಗೆ ಬರೋದು ಅವರ ಪದ್ಧತಿ. ನಮ್ಮ ಜನಕ್ಕೆ ಕೆಂಡಾಮಂಡಲ ಸಿಟ್ಟು. ಇಲ್ಲಿ ನಮ್ಮ ಹಸು ಸಾಯ್ತಿದೆ, ಅಲ್ಲಿ ಚೆನ್ನಾಗಿರೋ ಹಸಕ್ಕೆ ಸೂಜಿ ಹಾಕ್ತಾವ್ನೆ ಅಂತ ಬಾಯಿಗೆ ಬಂದ ಹಾಗೆ ಅನ್ನೋರು. ಮೊದಲು ಇಲ್ಲಿಗೆ ಬಂದರೆ ನಿಮ್ಮೂರ ರೋಗವನ್ನ ನಾನೇ ಬೈಕಲ್ಲಿ ಕೂರಿಸಿಕೊಂಡು ಊರೂರಿಗೆ ಹಂಚಿದ ಹಾಗೆ ಅಂತ ಅವರು ಎಷ್ಟು ಸಲ ಹೇಳಿದರೂ ಕೇಳೋರಿಲ್ಲ.

ಒಂದು ಸಾಯಂಕಾಲ ಡೈರಿ ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಚಿಪ್ಪುಗಳನ್ನು ತಂದು ನೆಲದ ಮೇಲೆ ಜೋಡಿಸಿದರು. ಒಂದೊಂದು ಚಿಪ್ಪು ಒಂದೊಂದು ಊರು. ರೋಗ ಇರೋ ಊರಿನ ಚಿಪ್ಪು ಬೋರಲು, ಇಲ್ಲದ್ದು ಅಂಗಾತ. ಹುಳಿಯಾರು ಕಡೆ ಒಂದಷ್ಟು ಬೋರಲು, ಇಲ್ಲಿ ನಮ್ಮೂರು ಬೋರಲು, ನಡುವೆ ಇರೋದೆಲ್ಲ ಅಂಗಾತ. "ನೋಡಮ್ಮ, ನೊಣ ಆಗಿದ್ರೆ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕಚ್ಕೊಂಡು ಬರ್ಬೇಕಿತ್ತು. ಇದು ಗಾಡಿ ಹತ್ಕೊಂಡು ಬಂದೈತೆ," ಅಂದರು. ಆದರೆ ಊರಲ್ಲಿ ಯಾರನ್ನು ಕೇಳಿದರೂ ದನ ಕೊಂಡಿಲ್ಲ, ಮಾರಿಲ್ಲ. ದೇವರ ಮೇಲೆ ಆಣೆ ಇಟ್ಟು ಹೇಳೋರು. ಡಾಕ್ಟ್ರಿಗೆ ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಅಂತ ಗುಮಾನಿ, ಒಳಗೊಳಗೇ ಕುದಿಯುತ್ತಿದ್ದರು.

ರೋಗ ಶುರುವಾದ ಬೀದಿಯಲ್ಲಿ ಗಂಗಮ್ಮನ ಮನೆ. ಗಂಗಮ್ಮ ಗಂಡ ಹೋದ ಮೇಲೆ ತೋಟ, ಕೊಟ್ಟಿಗೆ ಎರಡನ್ನೂ ಒಬ್ಬಳೇ ನಿಭಾಯಿಸಿದ ಗಟ್ಟಿ ಹೆಂಗಸು. ಮಗ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ, ಅಮ್ಮನ ಎದುರಿಗೆ ಬಾಯಿ ಬಿಡೋನಲ್ಲ. ಸೊಸೆ ಕಾವ್ಯ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದು ಮೂರು ನಾಲ್ಕು ವಾರವಾಗಿತ್ತು. ಆ ಮನೆಯ ಸೀಮೆಹಸು ಏಳಲಾರದೆ ಮಲಗಿತ್ತು. ನನ್ನನ್ನೂ ಕರೆದುಕೊಂಡು ಹೋದ ಡಾಕ್ಟ್ರು ಅದಕ್ಕೆ ಸೂಜಿ ಕೊಟ್ಟು, ಎಂದಿನ ಹಾಗೆ ನೆಂಟಸ್ತನ ತೆಗೆದರು. ಮಗುವಿಗೆ ಎಷ್ಟು ತಿಂಗಳು, ತವರು ಯಾವುದು ಅಂತ ಕಾವ್ಯಳನ್ನು ಕೇಳಿದರು. ಹುಳಿಯಾರಿನಿಂದ ಆಚೆ ಒಂದು ಹಟ್ಟಿ ಅಂದಳು. ಡಾಕ್ಟ್ರು, ತವರಿನಿಂದ ಬರುವಾಗ ಏನು ಕೊಟ್ಟು ಕಳಿಸಿದರು ಅಂತ ಕೇಳಿದರು. ಹುಡುಗಿ ಹೆಮ್ಮೆಯಿಂದ ಕೊಟ್ಟಿಗೆಯ ಮೂಲೆಗೆ ಕೈ ತೋರಿಸಿದಳು. ಅಲ್ಲಿ ಒಂದು ಬಿಳಿ ನಾಟಿ ಹಸು ಮೆಲುಕು ಹಾಕುತ್ತಾ ನಿಂತಿತ್ತು. ಮೈಮೇಲೆ ಅಲ್ಲೊಂದು ಇಲ್ಲೊಂದು ಒಣಗಿದ ಗಂಟಿನ ಕಲೆ.

ನಮ್ಮ ಕಡೆ ಇದು ಪದ್ಧತಿ. ಮಗಳು ಕೂಸು ಎತ್ತಿಕೊಂಡು ಗಂಡನ ಮನೆಗೆ ಹೊರಟಾಗ ಮೊಮ್ಮಗುವಿನ ಹಾಲಿಗೆ ಅಂತ ಒಂದು ಕರೆಯೋ ಹಸುವನ್ನು ತವರಿನವರು ಜೊತೆಗೆ ಕಳಿಸುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ಕೋಡಿಗೆ ಹೂ ಸುತ್ತಿ ಗೂಡ್ಸ್ ಆಟೋ ಹತ್ತಿಸುತ್ತಾರೆ. ಪೂಜೆ ಮಾಡಿ ಕಳಿಸಿದ ಹಸುವನ್ನು ದಾರಿಯಲ್ಲಿ ಯಾರೂ ತಡೆಯಲಿಲ್ಲ. ಡಾಕ್ಟ್ರು ಜಗಲಿ ಮೇಲೆ ಕೂತರು. ನಾನು ಅಷ್ಟು ಸಲ ಕೇಳಿದಾಗ ದನ ಬಂದಿಲ್ಲ ಅಂದಿರಲ್ಲಮ್ಮ ಅಂತ ಗಂಗಮ್ಮನನ್ನು ಕೇಳಿದರು. ಗಂಗಮ್ಮನಿಗೆ ನಿಜಕ್ಕೂ ಅವಮಾನವಾಯಿತು.

"ನೀವು ಕೇಳಿದ್ದು ಕೊಂಡ್ರಾ ಮಾರಿದ್ರಾ ಅಂತ. ಇದು ಯಾಪಾರದ ಹಸ ಅಲ್ಲ ಸಾರ್, ಮಡ್ಲಿಗೆ ಕೊಟ್ಟಿದ್ದು. ಯಾರಾನಾ ಅದನ್ನ ಯಾಪಾರ ಅಂತಾರಾ?"

ಡಾಕ್ಟ್ರು ನಿಜ ಕಣಮ್ಮ, ನಾನು ಕೇಳಿದ್ದೇ ತಪ್ಪು ಅಂದರು. ಅವರ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹುಳಿಯಾರು ಕಡೆಯ ಡಾಕ್ಟ್ರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಆ ಹಟ್ಟಿಯಲ್ಲಿ ರೋಗ ಇರೋದು ಖಾತ್ರಿಯಾಯಿತು. ವಾಪಸ್ ಬರುವಾಗ ನನಗೆ ಹೇಳಿದರು, ಈ ವಿಷಯ ಆ ಮನೆ ದಾಟಬಾರದು ಅಂತ. ನಾನು ದಾಟಿಸಲಿಲ್ಲ. ಆದರೆ ಪಕ್ಕದ ಮನೆಯವರಿಗೆ ಕಿವಿ ಇಲ್ಲವೇ?

ಎರಡು ದಿನದಲ್ಲಿ ಊರೆಲ್ಲ ಅದೇ ಮಾತು. ಕಾವ್ಯಳ ಹಸು ರೋಗ ತಂತು. ಅದು ತಾನು ಚೇತರಿಸಿಕೊಂಡು ಓಡಾಡುತ್ತಿದೆ, ನಮ್ಮವು ಗುಂಡಿ ಸೇರಿದವು. ಅವಳ ಹಸುವಿನ ಹಾಲು ಸುರಿದ ಕ್ಯಾನಿಗೆ ನಮ್ಮ ಹಾಲು ಹಾಕಲ್ಲ ಅಂತ ಕೆಲವರು ಡೈರಿಯಲ್ಲಿ ತಕರಾರು ತೆಗೆದರು. ನನಗೆ ರೇಗಿಹೋಯಿತು. ಬೇಡದವರು ಮನೆಗೆ ತಗೊಂಡು ಹೋಗಿ ಕಾಯಿಸಿಕೊಂಡು ಕುಡೀರಿ ಅಂದೆ. ಬೈದುಕೊಂಡೇ ಸುರಿದು ಹೋದರು. ಆ ಹುಡುಗಿ ಮಾತ್ರ ಸೆರಗನ್ನ ತಲೆ ಮೇಲೆ ಎಳೆದುಕೊಂಡು, ಎಲ್ಲರೂ ಹೋದ ಮೇಲೆ ಬರೋಕೆ ಶುರು ಮಾಡಿದಳು.

ಮೊದಮೊದಲು ಗಂಗಮ್ಮ ಸೊಸೆಯ ಪರ ನಿಂತಿದ್ದಳು. ತನ್ನ ಸೀಮೆಹಸು ಸತ್ತ ದಿನ ಅವಳ ಮನಸ್ಸೂ ಮುರಿಯಿತು. ಊರವರ ಬಾಯಿಗೆ ಹೆದರಿದಳೋ, ಹಸುವಿನ ಸಂಕಟವೋ, ಮಗುವನ್ನೂ ಹಸುವನ್ನೂ ಕರೆದುಕೊಂಡು ನಾಳೆ ಬೆಳಿಗ್ಗೆ ಅಪ್ಪನ ಮನೆಗೆ ಹೋಗು, ಕರೆದಾಗ ಬರೀವಂತೆ ಅಂದುಬಿಟ್ಟಳು. ಕರೆಯೋದು ಯಾವಾಗ ಅಂತ ಹೇಳಲಿಲ್ಲ. ನಮ್ಮ ಕಡೆ ಹಾಗೆ ಹೋದ ಹೆಣ್ಣುಮಕ್ಕಳು ವರ್ಷಗಟ್ಟಲೆ ತವರಿನಲ್ಲೇ ಕೂತಿರೋದನ್ನು ನಾನು ನೋಡಿದ್ದೇನೆ. ಕಾವ್ಯ ಡೈರಿಯಲ್ಲಿ ಇದನ್ನು ಹೇಳಿಕೊಂಡು ಅತ್ತಾಗ ನಾನು ಡಾಕ್ಟ್ರಿಗೆ ಫೋನ್ ಮಾಡಿದೆ.

ಮಾರನೆ ಬೆಳಿಗ್ಗೆ ಹಾಲಿನ ಹೊತ್ತಿಗೇ ಬಂದರು. ಇವತ್ತು ಯಾವ ಹಸುವನ್ನೂ ಮುಟ್ಟಲ್ಲ, ಬರೀ ಮಾತಾಡಿ ಹೋಗ್ತೀನಿ ಅಂತ ಡೈರಿ ಗೇಟಿನ ಹತ್ತಿರವೇ ನಿಂತರು. ಅತ್ತ ಗಂಗಮ್ಮನ ಮನೆ ಮುಂದೆ ಗೂಡ್ಸ್ ಆಟೋ ಬಂದು ನಿಂತಿತ್ತು. ಹಸು ಈ ಊರು ಬಿಟ್ಟು ಕದಲೋ ಹಾಗಿಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದರು. ಹಂಗಾದ್ರೆ ಹುಡುಗಿ ಹೋಗಲಿ ಅಂತ ಯಾರೋ ಅಂದರು. ಡಾಕ್ಟ್ರು ಹೆಂಗಸರ ಕಡೆ ತಿರುಗಿದರು. ಇಲ್ಲಿ ನಿಂತಿರೋ ಹೆಂಗಸರಲ್ಲಿ ಯಾರ್ಯಾರಿಗೆ ತವರಿನಿಂದ ಹಸು ಬಂದಿತ್ತು ಅಂತ ಕೇಳಿದರು.

ಅಷ್ಟೇ ಸಾಕಾಯಿತು ನೋಡಿ. ತವರಿನ ಮಾತು ತೆಗೆದರೆ ನಮ್ಮ ಹೆಂಗಸರು ಬಿಡುತ್ತಾರೆಯೇ? ಒಬ್ಬಳ ತವರಿನ ಕೆಂದ ಹಸು ಆರು ಕರು ಹಾಕಿತಂತೆ. ಇನ್ನೊಬ್ಬಳದು ಮಗು ಅತ್ತರೆ ತಾನೇ ಕೆಚ್ಚಲಲ್ಲಿ ಹಾಲು ಸೊರ ಬಿಡುತ್ತಿತ್ತಂತೆ. ನಮ್ಮಪ್ಪ ಕೊಟ್ಟಿದ್ದು ಜೋಡಿ ಅಂತ ಮೂರನೆಯವಳು. ಕ್ಯಾನು ಕೆಳಗಿಟ್ಟು ನಗುತ್ತಾ ಒಬ್ಬರ ಮೇಲೊಬ್ಬರು ಬಿದ್ದು ಹೇಳಿಕೊಂಡರು. ಡಾಕ್ಟ್ರು ಎಲ್ಲಾ ಕೇಳಿಸಿಕೊಂಡು, "ಈ ಊರ ದನ ಅರ್ಧಕ್ಕರ್ಧ ಸೊಸೇರ ಹಿಂದೆ ಬಂದವೇ ಕಣ್ರಮ್ಮ. ನಾನು ಯಾರು ತಂದ್ರು ಅಂತ ಕೇಳೋದು ಬೈಯೋಕಲ್ಲ. ಮುಂದಕ್ಕೆ ಎಲ್ಲಿಗೆ ಹೋಗೈತೆ ಅಂತ ಹಿಡಿಯೋಕೆ. ಈಗ ಹೇಳಿ, ಈಚೆಗೆ ಮಗಳ ಜೊತೆ ಹಸ ಯಾರು ಕಳಿಸಿದೀರಿ?" ಅಂದರು.

ನಗು ನಿಂತುಹೋಯಿತು. ಕಾವ್ಯ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅತ್ತೆಯ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು. ನನಗೂ ಆಗ ಹೊಳೆಯಿತು. ಗಂಗಮ್ಮನ ಮಗಳು ರೇಖಾ ಬಾಣಂತನಕ್ಕೆ ಅಂತ ಇಲ್ಲೇ ಇದ್ದವಳು, ಅತ್ತಿಗೆ ಬಂದು ವಾರದ ಮೇಲೆ ಸಂಪಿಗೆ ಅನ್ನೋ ಊರ ಹತ್ತಿರದ ಗಂಡನ ಮನೆಗೆ ಹೋಗಿದ್ದಳು. ಕಾವ್ಯ ಒಂದು ಮಾತು ಅಂದಿದ್ದರೆ ಅತ್ತೆಯ ಬಾಯಿ ಊರ ಮುಂದೆ ಮುಚ್ಚಿಹೋಗುತ್ತಿತ್ತು. ಅವಳು ಅನ್ನಲಿಲ್ಲ, ತಲೆ ತಗ್ಗಿಸಿಕೊಂಡಳು. ಗಂಗಮ್ಮ ಅದನ್ನು ನೋಡಿದಳು.

"ನಮ್ಮ ರೇಖಂಗೆ ಕಳಿಸಿದೀನಿ ಸಾರ್," ಅಂದಳು. "ಇವಳ ಹಸೀನ ಪಕ್ಕದ ಗೂಟದಾಗೇ ಇತ್ತು ಅದು."

ಡಾಕ್ಟ್ರು ಸೊಸೆಯ ಕಡೆ ಬೆರಳು ತೋರಿಸಿ ಗಂಗಮ್ಮನಿಗೆ ಒಂದು ಬುದ್ಧಿಮಾತು ಹೇಳಬಹುದಿತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅವರು ಕೇಳಿದ್ದು, ನೀವು ಫೋನ್ ಮಾಡ್ತೀರೋ ನಾನೇ ಹೋಗಿ ಹೇಳ್ಲೋ ಅಂತ ಮಾತ್ರ. ಗಂಗಮ್ಮ ಮಗಳಿಗೆ ಫೋನ್ ಹಚ್ಚಿದಳು. ಅವಳ ಫೋನಿನಲ್ಲಿ ಸ್ಪೀಕರ್ ಹಾಕದೆ ಏನೂ ಕೇಳಿಸುವುದಿಲ್ಲ, ಹಾಗಾಗಿ ನಮಗೆಲ್ಲ ಕೇಳಿಸಿತು. ಹಸ ಹೆಂಗೈತೆ ಅಂತ ಕೇಳಿದ್ದಕ್ಕೆ ರೇಖಾ ದನಿ ಇಳಿಸಿದಳು. "ಅಮ್ಮ, ಮೈಮೇಲೆ ಗಂಟು ಎದ್ದೈತೆ. ನಾನು ಯಾರ್ಗೂ ತೋರಿಸಿಲ್ಲ, ಎಣ್ಣೆ ಅರಿಶಿನ ಹಚ್ಚಿ ಹಿಂದಕ್ಕೆ ಕಟ್ಟಿದೀನಿ. ಗೊತ್ತಾದ್ರೆ ನನ್ನ ಸುಮ್ನೆ ಬುಡಲ್ಲ ಇವರು," ಅಂದು ಅಳೋಕೆ ಶುರು ಮಾಡಿದಳು.

ಆವತ್ತೇ ಡಾಕ್ಟ್ರು ಅಲ್ಲಿಗೆ ಹೋಗಿ, ಸುತ್ತಲ ಊರುಗಳಿಗೂ ಸೂಜಿ ಹಾಕಿಸಿ, ರೋಗ ಆ ಬೀದಿ ದಾಟದ ಹಾಗೆ ನೋಡಿಕೊಂಡರು ಅಂತ ಆಮೇಲೆ ತಿಳಿಯಿತು. ಆದರೆ ನನ್ನ ಕಣ್ಣಿಗೆ ಕಟ್ಟಿರೋದು ಅವರು ಹೊರಡೋಕೆ ಮುಂಚಿನ ಆ ಸ್ವಲ್ಪ ಹೊತ್ತು.

ಗಂಗಮ್ಮ ಕಣ್ಣು ಒರೆಸಿಕೊಂಡು, ನಿಮ್ಮತ್ತೆಗೆ ಫೋನ್ ಕೊಡು ಅಂದಳು. ಮಗಳು ಬೇಡ ಬೇಡ ಅಂದಳು. ಕೊಡು ಅಂತ ಗದರಿಸಿದಳು. ಆ ಕಡೆ ಬೀಗಿತ್ತಿಯ ದನಿ ಬಂದ ಮೇಲೆ ಗಂಗಮ್ಮ ಊರೆಲ್ಲ ನಿಂತಿದೆ ಅನ್ನೋದನ್ನೂ ಮರೆತು ಮಾತಾಡಿದಳು.

"ಅಕ್ಕಾ, ನಾವು ಕಳಿಸಿದ ಹಸೀಗೆ ಗಂಟು ರೋಗ ಬಂದೈತೆ. ಡಾಕ್ಟ್ರು ಈಗ್ಲೇ ನಿಮ್ಮೂರಿಗೆ ಬತ್ತಾವ್ರೆ, ಅವರು ಹೇಳ್ದಂಗೆ ಕೇಳಿ. ನಮಗೂ ಗೊತ್ತಿರ್ಲಿಲ್ಲ, ಅವಳಿಗೂ ಗೊತ್ತಿರ್ಲಿಲ್ಲ. ಏನಾನಾ ಅನ್ನಂಗಿದ್ರೆ ನನ್ನ ಅನ್ನಿ. ಆ ಹೆಣ್ಣಿಗೆ ಏನೂ ಅನ್ಬೇಡಿ ಅಕ್ಕಾ, ಮಗೀಗೆ ಹಾಲಿರ್ಲಿ ಅಂತ ತಗೊಂಡ್ಬಂದವ್ಳೆ ಅಷ್ಟೇ."

ಆ ಕಡೆಯಾಕೆ ಸ್ಪೀಕರಿನಲ್ಲಿ ಗೊಣಗೊಣ ಅಂದಿದ್ದು ನಮಗೆ ತಿಳಿಯಲಿಲ್ಲ, ಗಂಗಮ್ಮ ಹೂಂ ಹೂಂ ಅಂದು ಫೋನ್ ಇಟ್ಟಳು. ಕಾವ್ಯ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮುಂದೆ ಬಂದಳು. ಅವಳು ಅಷ್ಟು ಜನರೆದುರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಅತ್ತೆ, ನಮ್ಮಪ್ಪನೂ ಇದನ್ನೇ ಹೇಳೋಕೆ ನಿಮಗೆ ದಿನಾ ಫೋನ್ ಮಾಡ್ತಾವ್ರೆ. ನೀವು ಎತ್ತುತಾ ಇಲ್ಲ."

ಗಂಗಮ್ಮ ಅವಳನ್ನೇ ನೋಡುತ್ತಾ ನಿಂತಳು. ಆಮೇಲೆ ಕೈ ಚಾಚಿ ಮಗುವನ್ನು ತನ್ನ ಕಡೆಗೆ ಎತ್ತಿಕೊಂಡಳು, ಫೋನನ್ನು ಸೊಸೆಯ ಕೈಗೆ ಕೊಟ್ಟು ನಿಮ್ಮಪ್ಪಂಗೆ ಹಚ್ಚು ಅಂದಳು. ಆ ಮನುಷ್ಯ ಫೋನ್ ಹಿಡಿದುಕೊಂಡೇ ಕೂತಿದ್ದರೇನೋ, ತಕ್ಷಣ ಎತ್ತಿದರು. ತಪ್ಪಾಯ್ತು ಬೀಗ್ತಿಯಮ್ಮ ಅಂತ ಅವರು ಶುರು ಮಾಡಿದ್ದನ್ನು ಗಂಗಮ್ಮ ಅರ್ಧಕ್ಕೇ ತಡೆದಳು.

"ಬುಡಿ ಬೀಗ್ರೇ ಅದನ್ನ. ನಿಮ್ಮ ಹಸ ಚೆನ್ನಾಗೈತೆ, ಮಗೀನೂ ಹಾಲು ಕುಡೀತೈತೆ. ನಿಮ್ಮ ಮನೇಲಿ ಎಷ್ಟು ಹೋದ್ವು?"

ಆ ಕಡೆ ಅವರು ಸತ್ತ ಹಸುಗಳ ಹೆಸರು ಹಿಡಿದು ಹೇಳುತ್ತಾ ಹೋದರು. ಈ ಕಡೆ ಗಂಗಮ್ಮ ತನ್ನ ಸೀಮೆಹಸುವಿನ ಸಂಕಟ ಹೇಳಿಕೊಂಡಳು. ಸೊಸೆ ಫೋನನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದುಕೊಂಡು ನಿಂತಿದ್ದಳು, ಇಬ್ಬರ ಕಣ್ಣಲ್ಲೂ ನೀರು. ನಮ್ಮ ಡಾಕ್ಟ್ರು ಇದ್ದಾರಲ್ಲ, ಸಂಪಿಗೆ ಕಡೆ ಹೊರಡೋಕೆ ಅಂತ ಬೈಕ್ ಸ್ಟಾರ್ಟ್ ಮಾಡಿದವರು ಮತ್ತೆ ಆಫ್ ಮಾಡಿ ಇಳಿದು ಬಂದು ಕೈ ಚಾಚಿದರು.

"ಅಮ್ಮ, ನಂಗೊಂಚೂರು ಕೊಡಿ ಫೋನು. ಅವರ ಕೊಟ್ಟಿಗೆಗೆ ಎಲ್ಲಿಂದ ಬಂತು ಅಂತ ಕೇಳ್ಬೇಕು."

ಗಂಗಮ್ಮ ತಿರುಗಿ ಕೂಡ ನೋಡಲಿಲ್ಲ. "ತಡೀರಿ ಸಾರ್," ಅಂದಳು, "ನಾವಿನ್ನೂ ಮಾತಾಡ್ತಾ ಇದೀವಿ."